ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಆನ್ ಆಗದಿದ್ದರೆ ಎಲ್ಲಿಂದ ಹುಡುಕಬೇಕು

ಬಿಡಿಭಾಗಗಳನ್ನು ಒಂದೊಂದಾಗಿ ಆರಿಸಿ ತಂದು, ದಿನವಿಡೀ ಕುಳಿತು ಜೋಡಿಸಿದ ಕಂಪ್ಯೂಟರಿನ ಪವರ್ ಬಟನ್ ಒತ್ತಿದಾಗ ಏನೂ ಆಗದಿದ್ದರೆ, ಅಥವಾ ಫ್ಯಾನುಗಳು ತಿರುಗಿಯೂ ಪರದೆ ಕಪ್ಪಾಗಿಯೇ ಉಳಿದರೆ, ಯಾವುದೋ ಭಾಗ ಸುಟ್ಟುಹೋಗಿದೆ ಎಂಬ ಯೋಚನೆಯೇ ಮೊದಲು ಬರುತ್ತದೆ. ನಾನೇ ಜೋಡಿಸಿದ ಮತ್ತು ಬೇರೆಯವರು ಜೋಡಿಸಿ ನನ್ನ ಬಳಿಗೆ ತಂದ ಕಂಪ್ಯೂಟರುಗಳನ್ನು ನೋಡಿ ಹೇಳುವುದಾದರೆ, ಹೆಚ್ಚಿನ ಸಲ ಯಾವ ಭಾಗವೂ ಕೆಟ್ಟಿರುವುದಿಲ್ಲ. ಒಂದು ಕೇಬಲ್ ಅರ್ಧಕ್ಕೆ ನಿಂತಿರುತ್ತದೆ, ರ‍್ಯಾಮ್ ಪೂರ್ತಿ ಕೂತಿರುವುದಿಲ್ಲ, ಇಲ್ಲವೇ ಹಾಕಲೇಬೇಕಾಗಿದ್ದ ಕನೆಕ್ಟರ್ ಒಂದು ಕಣ್ತಪ್ಪಿ ಉಳಿದಿರುತ್ತದೆ. ಆದ್ದರಿಂದ ಎಲ್ಲವನ್ನೂ ಬಿಚ್ಚಿ ಮೊದಲಿನಿಂದ ಜೋಡಿಸುವ ಆತುರಕ್ಕೆ ಬೀಳದೆ, ಯಂತ್ರ ಎಲ್ಲಿಯವರೆಗೆ ಹೋಗಿ ನಿಂತಿದೆ ಎಂಬುದನ್ನು ಮೊದಲು ಗುರುತಿಸಬೇಕು. ಅದು ತಿಳಿದರೆ ಹುಡುಕಬೇಕಾದ ಜಾಗ ಬಹಳ ಕಿರಿದಾಗುತ್ತದೆ.

ಬಟನ್ ಒತ್ತಿದಾಗ ನಡೆಯುವ ಕೆಲಸಗಳು ಸರಪಳಿಯ ಕೊಂಡಿಗಳಂತೆ ಒಂದರ ಹಿಂದೆ ಒಂದು ಬರುತ್ತವೆ. ಗೋಡೆಯ ಸ್ವಿಚ್ ಹಾಕಿದ ಕ್ಷಣದಿಂದಲೇ ಪವರ್ ಸಪ್ಲೈ, ಅಂದರೆ ಬಳಕೆಯ ಮಾತಿನಲ್ಲಿ ಎಸ್‌ಎಂಪಿಎಸ್, ಮದರ್‌ಬೋರ್ಡಿಗೆ 5 ವೋಲ್ಟಿನ ಸ್ಟ್ಯಾಂಡ್‌ಬೈ ವಿದ್ಯುತ್ತನ್ನು ಕೊಡುತ್ತಿರುತ್ತದೆ. ಬಟನ್ ಒತ್ತಿದಾಗ ಬೋರ್ಡು ಒಂದು ತಂತಿಯನ್ನು ಗ್ರೌಂಡಿಗೆ ಸೇರಿಸಿ ಎಸ್‌ಎಂಪಿಎಸ್‌ಗೆ ಸೂಚನೆ ನೀಡುತ್ತದೆ. ಆಗ 12, 5 ಮತ್ತು 3.3 ವೋಲ್ಟಿನ ದಾರಿಗಳು ತೆರೆದುಕೊಳ್ಳುತ್ತವೆ. ಈ ವೋಲ್ಟೇಜುಗಳು ಸ್ಥಿರಗೊಂಡ ಮೇಲೆ, ಸಾಮಾನ್ಯವಾಗಿ 100ರಿಂದ 500 ಮಿಲಿಸೆಕೆಂಡುಗಳ ಒಳಗೆ, ಎಲ್ಲವೂ ಸರಿಯಿದೆ ಎಂಬ ಸಂಕೇತ ಬೋರ್ಡಿಗೆ ಬರುತ್ತದೆ. ಪ್ರೊಸೆಸರ್ ಕೆಲಸ ಶುರು ಮಾಡುವುದು ಅದಾದ ನಂತರವೇ. ಅದು, ಬೋರ್ಡನ್ನು ಎಬ್ಬಿಸುವ ಮೂಲ ತಂತ್ರಾಂಶವಾದ ಬಯಾಸ್ ಇರುವ ಚಿಪ್ಪಿನಿಂದ ಮೊದಲ ಆದೇಶಗಳನ್ನು ಓದಿ, ರ‍್ಯಾಮನ್ನು ಹೊಂದಿಸಿಕೊಂಡು, ಚಿತ್ರ ತೋರಿಸುವ ಗ್ರಾಫಿಕ್ಸ್ ಭಾಗವನ್ನು ಹುಡುಕಿ, ಕೊನೆಗೆ ಆಪರೇಟಿಂಗ್ ಸಿಸ್ಟಂ ಇರುವ ಡ್ರೈವಿನತ್ತ ಹೋಗುತ್ತದೆ. ಈ ಆರಂಭದ ತಪಾಸಣೆಗೇ ಪೋಸ್ಟ್ ಎಂದು ಹೆಸರು. ನಾವು ಮಾಡಬೇಕಾದದ್ದು ಈ ಸರಪಳಿಯ ಯಾವ ಕೊಂಡಿ ಕಳಚಿದೆ ಎಂದು ನೋಡುವುದು.

ಕೈ ಹಾಕುವ ಮೊದಲು ಎರಡು ಮಾತು. ಯಾವುದೇ ಭಾಗವನ್ನು ತೆಗೆಯುವಾಗ ಅಥವಾ ಹಾಕುವಾಗ ಎಸ್‌ಎಂಪಿಎಸ್ ಹಿಂಬದಿಯ ಸ್ವಿಚ್ ಆರಿಸಿ, ಪವರ್ ಕಾರ್ಡನ್ನು ಕಿತ್ತು, ನಂತರ ಪವರ್ ಬಟನ್ನನ್ನು ಐದಾರು ಸೆಕೆಂಡು ಒತ್ತಿಹಿಡಿಯಿರಿ. ಬೋರ್ಡಿನಲ್ಲಿ ಉಳಿದ ವಿದ್ಯುತ್ ಬರಿದಾಗುತ್ತದೆ. ಮೈಯಲ್ಲಿ ಸೇರಿಕೊಂಡ ಸ್ಥಾಯೀ ವಿದ್ಯುತ್ ಚಿಪ್ಪುಗಳಿಗೆ ಹಾನಿ ಮಾಡಬಲ್ಲದು, ಆದ್ದರಿಂದ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಆಗಾಗ ಮುಟ್ಟುತ್ತಿರಿ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ತೆರೆಯಬೇಡಿ, ಏಕೆಂದರೆ ಅದರೊಳಗಿನ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಪ್ರಾಣಾಪಾಯ ತರುವಷ್ಟು ವಿದ್ಯುತ್ತನ್ನು ಹಿಡಿದಿಟ್ಟಿರುತ್ತವೆ. ಇನ್ನೊಂದು ಶಿಸ್ತು: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಆನ್ ಮಾಡಿ ನೋಡಿ, ಏನಾಯಿತೆಂದು ಬರೆದಿಟ್ಟುಕೊಳ್ಳಿ. ಒಟ್ಟಿಗೆ ಮೂರು ಭಾಗ ಬದಲಿಸಿ ಕಂಪ್ಯೂಟರ್ ನಡೆಯತೊಡಗಿದರೆ ದೋಷ ಎಲ್ಲಿತ್ತೆಂಬುದು ಗೊತ್ತೇ ಆಗುವುದಿಲ್ಲ, ಮುಂದೆ ಅದು ಮರುಕಳಿಸಿದಾಗ ಹುಡುಕಾಟ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಬಟನ್ ಒತ್ತಿದರೂ ಯಾವ ಚಲನೆಯೂ ಇಲ್ಲದಿದ್ದಾಗ

ಫ್ಯಾನ್ ಅಲುಗುವುದಿಲ್ಲ, ದೀಪ ಹತ್ತುವುದಿಲ್ಲ ಎಂದಾದರೆ ವಿದ್ಯುತ್ತಿನ ದಾರಿಯನ್ನು ಗೋಡೆಯಿಂದಲೇ ನೋಡುತ್ತಾ ಬನ್ನಿ. ಅದೇ ಸಾಕೆಟ್ಟಿಗೆ ಬೇರೆ ಉಪಕರಣ ಹಾಕಿ ಪರೀಕ್ಷಿಸಿ. ಎಕ್ಸ್‌ಟೆನ್ಷನ್ ಬೋರ್ಡ್ ಇದ್ದರೆ ಅದನ್ನು ಬಿಟ್ಟು ನೇರವಾಗಿ ಗೋಡೆಗೆ ಹಾಕಿ ನೋಡಿ. ಎಸ್‌ಎಂಪಿಎಸ್ ಹಿಂಬದಿಯ ಸ್ವಿಚ್ಚಿನಲ್ಲಿ ಗೆರೆಯ ಗುರುತಿನ ಕಡೆ ಒಳಕ್ಕೆ ಒತ್ತಿದ್ದರೆ ಆನ್, ಸೊನ್ನೆಯ ಕಡೆ ಒತ್ತಿದ್ದರೆ ಆಫ್. ಬಳಿಕ 24 ಪಿನ್ನಿನ ದಪ್ಪ ಕನೆಕ್ಟರನ್ನು ನೋಡಿ. ಅದು ಬಿಗಿಯಾಗಿಯೇ ಕೂರುವಂಥದ್ದು; ಪಕ್ಕದ ಕೊಕ್ಕೆ ಬೋರ್ಡಿನ ಹಲ್ಲಿನ ಮೇಲೆ ಕಚ್ಚಿಕೊಳ್ಳುವವರೆಗೆ ಒತ್ತಬೇಕು. ಒತ್ತುವಾಗ ಬೋರ್ಡು ಬಾಗದಂತೆ ಅಂಚನ್ನು ಇನ್ನೊಂದು ಕೈಯಿಂದ ಆಧರಿಸಿಕೊಳ್ಳಿ. ಕೇಬಲ್ ಬಿಡಿಸಿಕೊಳ್ಳಬಹುದಾದ ಎಸ್‌ಎಂಪಿಎಸ್ ಆಗಿದ್ದರೆ ಅದರ ಕಡೆಯ ತುದಿಯೂ ಹಾಗೆಯೇ ಕಚ್ಚಿರಬೇಕು.

ಇವೆಲ್ಲ ಸರಿಯಿದ್ದರೆ ನನ್ನ ಮೊದಲ ಅನುಮಾನ ಬಟನ್ನಿನಿಂದ ಬರುವ ಸಣ್ಣ ತಂತಿಯ ಮೇಲೆ. ಬೋರ್ಡಿನ ಕೆಳಗಿನ ಅಂಚಿನಲ್ಲಿ ಎರಡು ಸಾಲಿನಲ್ಲಿ ನಿಂತ ಒಂಬತ್ತು ಪಿನ್ನುಗಳ ಗುಂಪಿರುತ್ತದೆ. ಪವರ್ ಬಟನ್, ರೀಸೆಟ್ ಬಟನ್, ಎರಡು ದೀಪ, ಇವೆಲ್ಲವೂ ಅಲ್ಲಿಗೇ ಬಂದು ಸೇರುತ್ತವೆ. ಪಿನ್ನುಗಳು ಅಷ್ಟು ಚಿಕ್ಕವಾಗಿ, ಒತ್ತೊತ್ತಾಗಿ ಇರುವುದರಿಂದ ಕನೆಕ್ಟರ್ ಒಂದು ಪಿನ್ ಪಕ್ಕಕ್ಕೆ ಸರಿದು ಕೂತಿದ್ದರೂ ಮೇಲಿನಿಂದ ನೋಡಿದಾಗ ಸರಿಯಾಗಿಯೇ ಕಾಣುತ್ತದೆ. ಹಲವು ಬೋರ್ಡುಗಳಲ್ಲಿ ಪವರ್ ಬಟನ್ನಿನ ಜಾಗ 6 ಮತ್ತು 8ನೇ ಪಿನ್, ಆದರೆ ನಿಮ್ಮ ಬೋರ್ಡಿನ ಕೈಪಿಡಿಯ ಚಿತ್ರವೇ ಅಂತಿಮ. ಬಟನ್ನಿನ ತಂತಿಗೆ ಧನ ಋಣದ ಭೇದವಿಲ್ಲ, ಹೇಗೆ ಹಾಕಿದರೂ ನಡೆಯುತ್ತದೆ. ದೀಪಗಳಿಗೆ ಮಾತ್ರ ಭೇದವಿದೆ. ಬಟನ್ನೇ ಕೆಟ್ಟಿದೆಯೇ ಎಂದು ತಿಳಿಯಲು ಕನೆಕ್ಟರನ್ನು ತೆಗೆದು, ಸ್ಕ್ರೂಡ್ರೈವರಿನ ತುದಿಯಿಂದ ಆ ಎರಡು ಪಿನ್ನುಗಳನ್ನು ಒಂದು ಕ್ಷಣ ಮಾತ್ರ ಸೇರಿಸಿ ಮುಟ್ಟಿ. ಕಂಪ್ಯೂಟರ್ ಆನ್ ಆದರೆ ದೋಷ ಕ್ಯಾಬಿನೆಟ್ಟಿನ ಬಟನ್ನಿನಲ್ಲೋ ತಂತಿಯಲ್ಲೋ ಇದೆ. ಬೋರ್ಡು, ಎಸ್‌ಎಂಪಿಎಸ್ ಎರಡೂ ಸೂಚನೆಗೆ ಓಗೊಡುತ್ತಿವೆ.

ಆಗಲೂ ಏನೂ ಆಗದಿದ್ದರೆ ಎಸ್‌ಎಂಪಿಎಸ್ಸನ್ನು ಬೇರೆಯಾಗಿ ಪರೀಕ್ಷಿಸಬೇಕು. ಅದರ ಎಲ್ಲ ಕನೆಕ್ಟರುಗಳನ್ನೂ ಕಂಪ್ಯೂಟರಿನಿಂದ ಬಿಡಿಸಿ, 24 ಪಿನ್ನಿನ ಕನೆಕ್ಟರಿನಲ್ಲಿ 16ನೇ ಪಿನ್ನನ್ನು ಪಕ್ಕದ ಗ್ರೌಂಡ್ ಪಿನ್ನಿಗೆ ಸಣ್ಣ ತಂತಿಯಿಂದ ಸೇರಿಸಿದ ನಂತರ ಹಿಂದಿನ ಸ್ವಿಚ್ ಹಾಕಿದರೆ ಅದು ಚಾಲೂ ಆಗಬೇಕು. ಹಳೆಯ ಕೇಬಲ್ಲುಗಳಲ್ಲಿ 16ನೇ ಪಿನ್ನಿನದು ಹಸಿರು ತಂತಿ, ಗ್ರೌಂಡಿನದು ಕಪ್ಪು. ಈಗಿನ ಕೇಬಲ್ಲುಗಳಲ್ಲಿ ಎಲ್ಲವೂ ಕಪ್ಪಾಗಿರುವುದರಿಂದ ಕೈಪಿಡಿಯ ಚಿತ್ರ ನೋಡಿ ಎರಡು ಸಲ ಎಣಿಸಿಯೇ ಕೈ ಹಾಕಿ. ಭಾರ ಕಡಿಮೆಯಿರುವಾಗ ತನ್ನ ಫ್ಯಾನನ್ನು ತಿರುಗಿಸದ ಎಸ್‌ಎಂಪಿಎಸ್‌ಗಳೂ ಇವೆ, ಆದ್ದರಿಂದ ಕ್ಯಾಬಿನೆಟ್ಟಿನ ಒಂದು ಫ್ಯಾನನ್ನು ಅದಕ್ಕೆ ನೇರವಾಗಿ ಜೋಡಿಸಿಟ್ಟರೆ ಗೊಂದಲವಿರುವುದಿಲ್ಲ. ಈ ಪರೀಕ್ಷೆ ಎಸ್‌ಎಂಪಿಎಸ್ ಚಾಲೂ ಆಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ಪೂರ್ಣ ಭಾರದಲ್ಲಿ ಸರಿಯಾದ ವೋಲ್ಟೇಜ್ ಕೊಡುತ್ತದೆ ಎಂದು ಅದರಿಂದ ತೀರ್ಮಾನಿಸಬಾರದು.

ಒಂದು ಕ್ಷಣ ತಿರುಗಿ ನಿಂತರೆ

ಫ್ಯಾನುಗಳು ಅರ್ಧ ಸುತ್ತು ತಿರುಗಿ ನಿಲ್ಲುವುದು ಸಾಮಾನ್ಯವಾಗಿ ಎಲ್ಲೋ ಶಾರ್ಟ್ ಆಗಿರುವುದರ ಗುರುತು. ಎಸ್‌ಎಂಪಿಎಸ್ ತನ್ನನ್ನೂ ಬೋರ್ಡನ್ನೂ ಕಾಪಾಡಿಕೊಳ್ಳಲು ಕೂಡಲೇ ಮುಚ್ಚಿಕೊಳ್ಳುತ್ತದೆ; ಹಿಂದಿನ ಸ್ವಿಚ್ಚನ್ನು ಆರಿಸಿ ಕೆಲವು ಸೆಕೆಂಡು ಬಿಟ್ಟು ಹಾಕುವವರೆಗೆ ಅನೇಕ ಸಲ ಮತ್ತೆ ಓಗೊಡುವುದೂ ಇಲ್ಲ. ನಾನು ಜೋಡಿಸಿದ ಒಂದು ಕಂಪ್ಯೂಟರಿನಲ್ಲಿ ಹೀಗೇ ಆಗಿ ಒಂದು ಸಂಜೆಯಿಡೀ ಕಳೆದಿತ್ತು. ಕೊನೆಗೆ ಬೋರ್ಡನ್ನು ಹೊರತೆಗೆದು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ಆನ್ ಮಾಡಿದಾಗ ಚೆನ್ನಾಗಿ ನಡೆಯಿತು. ಕ್ಯಾಬಿನೆಟ್ಟಿಗೆ ಹಾಕಿದೊಡನೆ ಮತ್ತೆ ನಿಂತಿತು. ಕ್ಯಾಬಿನೆಟ್ಟಿನ ತಟ್ಟೆಗೆ ಟಾರ್ಚ್ ಹಿಡಿದು ನೋಡಿದರೆ, ದೊಡ್ಡ ಅಳತೆಯ ಬೋರ್ಡಿಗೆಂದು ಮೊದಲೇ ಕೂರಿಸಿದ್ದ, ಬೋರ್ಡನ್ನು ತಟ್ಟೆಯಿಂದ ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡ್‌ಆಫ್ ಒಂದು, ನನ್ನ ಚಿಕ್ಕ ಬೋರ್ಡಿನಲ್ಲಿ ತೂತೇ ಇಲ್ಲದ ಕಡೆ ಎದ್ದು ನಿಂತು, ಬೋರ್ಡಿನ ಬೆನ್ನಿನ ಬೆಸುಗೆಯನ್ನು ಮುಟ್ಟುತ್ತಿತ್ತು. ಅದನ್ನು ತಿರುಗಿಸಿ ತೆಗೆದ ಮೇಲೆ ಬೇರೇನೂ ಮಾಡಬೇಕಾಗಲಿಲ್ಲ. ಬೋರ್ಡಿನ ತೂತುಗಳೆಷ್ಟೋ ಸ್ಟ್ಯಾಂಡ್‌ಆಫ್ ಅಷ್ಟೇ ಇರಬೇಕು ಎಂಬುದನ್ನು ಅಂದಿನಿಂದ ಬೋರ್ಡು ಇಡುವ ಮೊದಲೇ ಎಣಿಸಿ ನೋಡುತ್ತೇನೆ. ಕೈಜಾರಿ ಬಿದ್ದ ಒಂದು ತಿರುಪು ಬೋರ್ಡಿನ ಅಡಿಯಲ್ಲಿ ಸಿಕ್ಕಿಕೊಂಡಿದ್ದರೂ ಇದೇ ಲಕ್ಷಣ ಕಾಣುತ್ತದೆ.

ಹತ್ತಾರು ಸೆಕೆಂಡು ನಡೆದು ಆರಿಹೋಗುವುದಾದರೆ ಪ್ರೊಸೆಸರಿನ ಕೂಲರನ್ನು ನೋಡಿ. ಅದರ ತಳಕ್ಕೆ ಅಂಟಿಸಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆ ಹಾಕಿರಬಹುದು, ನಾಲ್ಕು ತಿರುಪುಗಳಲ್ಲಿ ಒಂದು ಸಡಿಲವಾಗಿ ಕೂಲರ್ ಒಂದು ಬದಿಗೆ ಎದ್ದಿರಬಹುದು. ಪ್ರೊಸೆಸರ್ ಮಿತಿಮೀರಿ ಬಿಸಿಯಾದರೆ ತನ್ನನ್ನು ತಾನೇ ಆರಿಸಿಕೊಳ್ಳುತ್ತದೆ.

ಇಲ್ಲಿಯೇ 8 ಪಿನ್ನಿನ ಕೇಬಲ್ಲಿನ ವಿಷಯ ಹೇಳಿಬಿಡಬೇಕು. ಪ್ರೊಸೆಸರಿಗೆ ವಿದ್ಯುತ್ ಕೊಡುವ ಪ್ರತ್ಯೇಕ ಕನೆಕ್ಟರ್ ಬೋರ್ಡಿನ ಮೇಲಿನ ಎಡಮೂಲೆಯಲ್ಲಿರುತ್ತದೆ, ಕೂಲರಿನ ಮರೆಯಲ್ಲಿ ಸುಲಭವಾಗಿ ಮರೆತುಹೋಗುತ್ತದೆ. ಅದನ್ನು ಹಾಕದಿದ್ದರೆ ಫ್ಯಾನ್, ದೀಪ ಎಲ್ಲ ಬಂದರೂ ಪ್ರೊಸೆಸರ್ ಮಾತ್ರ ಏಳುವುದಿಲ್ಲ. ಈ ಕೇಬಲ್ ನಾಲ್ಕು ನಾಲ್ಕಾಗಿ ಇಬ್ಭಾಗವಾಗುತ್ತದೆ. ಗ್ರಾಫಿಕ್ಸ್ ಕಾರ್ಡಿನ 8 ಪಿನ್ನಿನ ಕೇಬಲ್ ಆರು ಮತ್ತು ಎರಡಾಗಿ ಒಡೆಯುತ್ತದೆ. ಎರಡರಲ್ಲೂ 12 ವೋಲ್ಟ್ ಮತ್ತು ಗ್ರೌಂಡಿನ ಸಾಲುಗಳು ಅದಲುಬದಲು. ತಪ್ಪಾಗಿ ಹೋಗದಿರಲೆಂದೇ ಪಿನ್ನುಗಳ ಆಕಾರವನ್ನು ಬೇರೆ ಮಾಡಿದ್ದಾರೆ, ಆದ್ದರಿಂದ ಕೂರದ ಕನೆಕ್ಟರನ್ನು ಬಲವಂತವಾಗಿ ತುರುಕಬೇಡಿ. ಒಂದು ಎಸ್‌ಎಂಪಿಎಸ್‌ನ ಬಿಡಿ ಕೇಬಲ್ಲನ್ನು ಇನ್ನೊಂದಕ್ಕೆ ಬಳಸುವುದು ಇನ್ನೂ ಅಪಾಯದ ಕೆಲಸ. ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಕ್ರಮಕ್ಕೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಕನೆಕ್ಟರ್ ಸಲೀಸಾಗಿ ಕೂತು, 12 ವೋಲ್ಟ್ ಹೋಗಬಾರದ ಕಡೆ ಹೋಗಿ, ಡ್ರೈವೂ ಬೋರ್ಡೂ ನಿಜವಾಗಿಯೇ ಸುಟ್ಟುಹೋಗಬಹುದು.

ಫ್ಯಾನ್ ತಿರುಗುತ್ತದೆ, ಡಿಸ್‌ಪ್ಲೇ ಬರುವುದಿಲ್ಲ

ಹೊಸ ಜೋಡಣೆಯಲ್ಲಿ ಅತಿ ಹೆಚ್ಚು ಕೇಳಿಬರುವ ತೊಂದರೆ ಇದೇ, ಕಾರಣಗಳೂ ಹಲವು. ಮೊದಲು ಮಾನಿಟರಿನ ಕೇಬಲ್ ಎಲ್ಲಿಗೆ ಹೋಗಿದೆ ನೋಡಿ. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಕಾರ್ಡಿಗೇ ಹೋಗಬೇಕು, ಬೋರ್ಡಿನ ಪೋರ್ಟಿಗಲ್ಲ. ಕಾರ್ಡ್ ಇಲ್ಲದಿದ್ದರೆ ಪ್ರೊಸೆಸರಿನೊಳಗೇ ಗ್ರಾಫಿಕ್ಸ್ ಇರಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇರುವ ಪ್ರೊಸೆಸರುಗಳಲ್ಲಿ, ಎಎಂಡಿಯ ರೈಜೆನ್ 5000 ಸರಣಿಯಲ್ಲಿ ಜಿ ಅಕ್ಷರವಿಲ್ಲದವುಗಳಲ್ಲಿ ಅದು ಇರುವುದಿಲ್ಲ. ಅಂಥ ಪ್ರೊಸೆಸರ್ ಹಾಕಿ ಬೋರ್ಡಿನ ಪೋರ್ಟಿಗೆ ಮಾನಿಟರ್ ಜೋಡಿಸಿದರೆ ಉಳಿದೆಲ್ಲ ಸರಿಯಿದ್ದರೂ ಪರದೆ ಕಪ್ಪಾಗಿಯೇ ಇರುತ್ತದೆ. ಮಾನಿಟರಿನ ಮೆನುವಿನಲ್ಲಿ ಸರಿಯಾದ ಇನ್‌ಪುಟ್ ಆರಿಸಿದೆಯೇ ಎಂಬುದನ್ನೂ ನೋಡಿಬಿಡಿ.

ಎರಡನೆಯದು ತಾಳ್ಮೆ. ಡಿಡಿಆರ್5 ರ‍್ಯಾಮ್ ಇರುವ ಬೋರ್ಡುಗಳು ಮೊದಲ ಸಲ ಆನ್ ಆದಾಗ ರ‍್ಯಾಮಿನೊಂದಿಗೆ ಯಾವ ವೇಗ, ಯಾವ ವೋಲ್ಟೇಜಿನಲ್ಲಿ ಮಾತಾಡಬೇಕೆಂದು ಪ್ರಯತ್ನಿಸಿ ನೋಡಿ ಹೊಂದಿಸಿಕೊಳ್ಳುತ್ತವೆ. ಇದಕ್ಕೆ ಕೆಲವು ನಿಮಿಷಗಳೇ ಬೇಕು. ರ‍್ಯಾಮ್ ಹೆಚ್ಚಿದ್ದಷ್ಟೂ ಸಮಯ ಹೆಚ್ಚು. ಅಷ್ಟು ಹೊತ್ತು ಪರದೆ ಕಪ್ಪು, ಯಂತ್ರ ಒಂದೆರಡು ಸಲ ತಾನಾಗಿ ರೀಸ್ಟಾರ್ಟ್ ಆಗುವುದೂ ಉಂಟು. ಒಂದು ನಿಮಿಷ ಕಾದು ಕೆಟ್ಟಿದೆಯೆಂದು ಆರಿಸಿದವರು ಆ ಕೆಲಸವನ್ನು ಮತ್ತೆ ಮೊದಲಿನಿಂದ ಶುರು ಮಾಡಿಸಿದಂತಾಗುತ್ತದೆ. ಹತ್ತು ಹದಿನೈದು ನಿಮಿಷ ಮುಟ್ಟದೆ ಬಿಡಿ.

ಕಾದರೂ ಚಿತ್ರ ಬಾರದಿದ್ದರೆ ಬೋರ್ಡು ಏನು ಹೇಳುತ್ತಿದೆ ನೋಡಿ. ಈಚಿನ ಅನೇಕ ಬೋರ್ಡುಗಳ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು ಬರೆದ ನಾಲ್ಕು ಪುಟ್ಟ ಎಲ್‌ಇಡಿಗಳಿವೆ. ಇವು ಕ್ರಮವಾಗಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಮತ್ತು ಡ್ರೈವಿಗೆ ಸಂಬಂಧಿಸಿದವು; ತಪಾಸಣೆ ಸಾಗಿದಂತೆ ಒಂದೊಂದಾಗಿ ಹತ್ತಿ ಆರುತ್ತವೆ. ಯಾವುದು ಆರದೆ ಉಳಿಯಿತೋ ಅಲ್ಲಿಗೆ ಕೆಲಸ ನಿಂತಿದೆ ಎಂದರ್ಥ. ಕೆಲವು ಬೋರ್ಡುಗಳು ಎರಡಂಕಿಯ ಕೋಡ್ ತೋರಿಸುತ್ತವೆ, ಅರ್ಥ ಕೈಪಿಡಿಯಲ್ಲಿರುತ್ತದೆ. ಎರಡೂ ಇಲ್ಲದಿದ್ದರೆ ಬೋರ್ಡಿನ ಸ್ಪೀಕರ್ ಪಿನ್ನುಗಳಿಗೆ ಸಿಕ್ಕಿಸುವ ಪುಟ್ಟ ಸ್ಪೀಕರ್ ತಂದು ಬೀಪ್‌ಗಳನ್ನು ಎಣಿಸಬಹುದು. ದೀಪ ಸೂಚಿಸುವುದು ತಪಾಸಣೆ ನಿಂತ ಜಾಗವನ್ನು. ಕೆಟ್ಟ ಭಾಗವನ್ನೇ ಸೂಚಿಸಬೇಕೆಂದಿಲ್ಲ. ಡಿರ‍್ಯಾಮ್ ದೀಪ ಉಳಿಯಲು ಪ್ರೊಸೆಸರ್ ಸಾಕೆಟ್ಟಿನ ಒಂದು ಬಾಗಿದ ಪಿನ್ನೂ ಕಾರಣವಾಗಬಹುದು.

ರ‍್ಯಾಮಿನಿಂದಲೇ ಶುರು ಮಾಡಿ, ಏಕೆಂದರೆ ಅದನ್ನು ಪರೀಕ್ಷಿಸುವುದು ಸುಲಭ. ಎಲ್ಲವನ್ನೂ ತೆಗೆದು ಒಂದನ್ನು ಮಾತ್ರ, ನಾಲ್ಕು ಸ್ಲಾಟಿನ ಬೋರ್ಡಾದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯದರಲ್ಲಿ, ಹಾಕಿ. ಹೆಚ್ಚಿನ ಬೋರ್ಡುಗಳಲ್ಲಿ ಇದಕ್ಕೆ ಎ2 ಎಂಬ ಗುರುತಿರುತ್ತದೆ. ಎರಡು ರ‍್ಯಾಮ್ ಹಾಕುವಾಗ ಎ2 ಮತ್ತು ಬಿ2, ಅಂದರೆ ಎರಡನೆಯದು ಮತ್ತು ನಾಲ್ಕನೆಯದು. ರ‍್ಯಾಮ್ ಕೂರಿಸಲು ಬೇಕಾಗುವ ಒತ್ತಡ ಹೊಸಬರು ಅಂದುಕೊಂಡದ್ದಕ್ಕಿಂತ ಹೆಚ್ಚು. ಕೊರೆದ ಕಚ್ಚು ಸ್ಲಾಟಿನ ಗೆರೆಗೆ ಹೊಂದಿದೆಯೆಂದು ನೋಡಿ, ಎರಡೂ ಹೆಬ್ಬೆರಳುಗಳನ್ನು ಎರಡು ತುದಿಗಳ ಮೇಲಿಟ್ಟು ನೇರವಾಗಿ ಕೆಳಕ್ಕೆ ಒತ್ತಿದಾಗ ಕೊಕ್ಕೆ ತಾನಾಗಿ ಟಕ್ಕೆಂದು ಮುಚ್ಚಬೇಕು. ಒಂದೇ ತುದಿಯಲ್ಲಿ ಕೊಕ್ಕೆ ಇರುವ ಬೋರ್ಡುಗಳಲ್ಲಿ ಮೋಸವಾಗುವುದು ಕೊಕ್ಕೆಯಿಲ್ಲದ ತುದಿಯಲ್ಲಿ: ಈ ಕಡೆ ಶಬ್ದ ಕೇಳಿರುತ್ತದೆ, ಆ ಕಡೆ ಕೂದಲೆಳೆಯಷ್ಟು ಮೇಲೆದ್ದಿರುತ್ತದೆ. ಕಣ್ಣನ್ನು ಬೋರ್ಡಿನ ಮಟ್ಟಕ್ಕೆ ತಂದು ಬದಿಯಿಂದ ನೋಡಿ. ಬಂಗಾರದ ಬಣ್ಣದ ಸಂಪರ್ಕಪಟ್ಟಿ ಒಂದು ಬದಿಗೆ ಓರೆಯಾಗಿ ಕಂಡರೆ ರ‍್ಯಾಮ್ ಕೂತಿಲ್ಲ. ಒಂದು ರ‍್ಯಾಮಿನಲ್ಲಿ ಆಗದಿದ್ದರೆ ಇನ್ನೊಂದನ್ನು ಅದೇ ಸ್ಲಾಟಿನಲ್ಲಿ, ನಂತರ ಬೇರೆ ಸ್ಲಾಟಿನಲ್ಲಿ ನೋಡಿ. ರಬ್ಬರಿನಿಂದ ಉಜ್ಜುವ ರೂಢಿ ಹಳೆಯ ರ‍್ಯಾಮಿನದು. ಈಗಷ್ಟೇ ಪೊಟ್ಟಣ ಒಡೆದದ್ದಕ್ಕೆ ಅದು ಬೇಕಿಲ್ಲ.

ಬಳಿಕ ಬಯಾಸ್ ಸೆಟ್ಟಿಂಗ್‌ಗಳನ್ನು ಅಳಿಸಿ ಮೊದಲಿನ ಸ್ಥಿತಿಗೆ ತನ್ನಿ. ಪವರ್ ಕಾರ್ಡ್ ಕಿತ್ತು, ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ಹೊರಗಿಟ್ಟರೆ, ಅಥವಾ ಕೈಪಿಡಿ ತೋರಿಸುವ ಸಿಮಾಸ್ ಜಂಪರಿನ ಎರಡು ಪಿನ್ನುಗಳನ್ನು ಕೆಲವು ಸೆಕೆಂಡು ಸೇರಿಸಿ ಹಿಡಿದರೆ ಈ ಕೆಲಸ ಆಗುತ್ತದೆ.

ಸಿಪಿಯು ದೀಪ ಉಳಿದಿದ್ದರೆ ಮತ್ತು 8 ಪಿನ್ನಿನ ಕೇಬಲ್ ಸರಿಯಾಗಿದ್ದರೆ, ಬೋರ್ಡಿನ ಬಯಾಸ್ ಆವೃತ್ತಿಯು ನಿಮ್ಮ ಪ್ರೊಸೆಸರಿಗಿಂತ ಹಳೆಯದೇ ಎಂದು ವಿಚಾರಿಸಬೇಕು. ಸಾಕೆಟ್ ಹೊಂದಿದ ಮಾತ್ರಕ್ಕೆ ಬೋರ್ಡು ಪ್ರೊಸೆಸರನ್ನು ಗುರುತಿಸುತ್ತದೆ ಎಂದಲ್ಲ. ಇಂಟೆಲ್‌ನ 600 ಸರಣಿಯ ಚಿಪ್‌ಸೆಟ್ ಇರುವ ಬೋರ್ಡುಗಳಿಗೆ 2022ರಲ್ಲಿ ಬಂದ 13ನೇ ಪೀಳಿಗೆಯ ಪ್ರೊಸೆಸರ್ ಹಾಕಬೇಕಾದರೆ ಹೊಸ ಬಯಾಸ್ ಬೇಕಾಗಿತ್ತು. 2018ರ ಬಿ450 ಬೋರ್ಡುಗಳಿಗೆ 2020ರ ರೈಜೆನ್ 5000 ಹಾಕುವಾಗಲೂ ಹಾಗೆಯೇ. ತಯಾರಕರ ಜಾಲತಾಣದಲ್ಲಿ ಪ್ರತಿ ಬೋರ್ಡಿಗೂ ಪ್ರೊಸೆಸರುಗಳ ಪಟ್ಟಿಯಿದ್ದು, ಯಾವುದಕ್ಕೆ ಯಾವ ಬಯಾಸ್ ಬೇಕೆಂದು ಬರೆದಿರುತ್ತದೆ. ಬೋರ್ಡಿನ ಹಿಂಬದಿಯಲ್ಲಿ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇದ್ದರೆ, ಪ್ರೊಸೆಸರ್ ಕೆಲಸ ಮಾಡದಿದ್ದರೂ ಬಯಾಸ್ ಬದಲಿಸಬಹುದು: ಯುಎಸ್‌ಬಿ ಡ್ರೈವನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ, ಫೈಲಿಗೆ ಕೈಪಿಡಿ ಹೇಳಿದ ಹೆಸರಿಟ್ಟು, ಗುರುತು ಹಾಕಿದ ಪೋರ್ಟಿನಲ್ಲಿಯೇ ಸಿಕ್ಕಿಸಿ ಬಟನ್ ಒತ್ತಬೇಕು. ದೀಪ ಮಿನುಗುವುದು ನಿಲ್ಲುವವರೆಗೆ ವಿದ್ಯುತ್ ಹೋಗಬಾರದು.

ಪ್ರೊಸೆಸರನ್ನು ತೆಗೆದು ನೋಡುವುದನ್ನು ನಾನು ಕೊನೆಗೇ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಕೂಲರ್ ಬಿಚ್ಚಬೇಕು, ಪ್ರೊಸೆಸರಿನ ಶಾಖವನ್ನು ಕೂಲರಿಗೆ ಸಾಗಿಸುವ ಪೇಸ್ಟನ್ನು ಒರೆಸಿ ಹೊಸದಾಗಿ ಹಚ್ಚಬೇಕು, ಮತ್ತು ನೋಡುವ ಕೆಲಸದಲ್ಲೇ ಪಿನ್ ಬಾಗಿಸಿಬಿಡುವ ಅಪಾಯವಿದೆ. ಇಂಟೆಲ್‌ನ ಎಲ್‌ಜಿಎ1700 ಮತ್ತು ಎಎಂಡಿಯ ಎಎಂ5 ಬೋರ್ಡುಗಳಲ್ಲಿ ಪಿನ್ನುಗಳಿರುವುದು ಸಾಕೆಟ್ಟಿನಲ್ಲಿ. ಎಎಂ4ನಲ್ಲಿ ಪ್ರೊಸೆಸರಿನ ತಳದಲ್ಲಿ, 1331 ಪಿನ್ನುಗಳು. ಎಎಂ4 ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದರೆ ಪೇಸ್ಟಿಗೆ ಅಂಟಿದ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಬರಬಹುದು, ಆದ್ದರಿಂದ ಮೊದಲು ಎಡಬಲಕ್ಕೆ ಮೆಲ್ಲಗೆ ಹೊರಳಿಸಿ ಸಡಿಲಿಸಿ. ಸಾಕೆಟ್ಟಿನ ಪಿನ್ನುಗಳನ್ನು ಬೆರಳಿನಿಂದ ಮುಟ್ಟದೆ, ಮೊಬೈಲಿನ ಟಾರ್ಚನ್ನು ಬೇರೆ ಬೇರೆ ಕೋನದಿಂದ ಹಿಡಿದು ನೋಡಿ. ಸರಿಯಿದ್ದರೆ ಸಾಲುನಾಟಿಯ ಪೈರಿನಂತೆ ಎಲ್ಲವೂ ಒಂದೇ ದಿಕ್ಕಿಗೆ ಬಾಗಿ ಒಂದೇ ಸಮನೆ ಮಿನುಗುತ್ತವೆ. ಬಾಗಿದ ಪಿನ್ ಇರುವಲ್ಲಿ ಆ ಸಾಲು ಮುರಿದು ಕಾಣುತ್ತದೆ. ಕೂಲರಿನ ತಿರುಪುಗಳನ್ನು ಅಳತೆಮೀರಿ, ಒಂದೇ ಬದಿಗೆ ಬಿಗಿದಿದ್ದರೂ ಪ್ರೊಸೆಸರ್ ಮತ್ತು ಸಾಕೆಟ್ಟಿನ ನಡುವೆ ಸಂಪರ್ಕ ತಪ್ಪಿ ಒಂದು ಬದಿಯ ರ‍್ಯಾಮ್ ಕಾಣದಂತಾಗುವುದುಂಟು. ಎದುರುಬದುರಿನ ಮೂಲೆಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತಾ ಬನ್ನಿ.

ವಿಜಿಎ ದೀಪ ಉಳಿದರೆ ಕಾರ್ಡನ್ನು ತೆಗೆದು, ಸ್ಲಾಟಿನ ತುದಿಯ ಕೊಕ್ಕೆ ಮುಚ್ಚುವಂತೆ ಮತ್ತೆ ಕೂರಿಸಿ, ಅದರ ಪವರ್ ಕೇಬಲ್ಲುಗಳನ್ನು ನೋಡಿ. 16 ಪಿನ್ನಿನ ಹೊಸ ಬಗೆಯ ಕನೆಕ್ಟರ್ ಆಗಿದ್ದರೆ ಎಳ್ಳಷ್ಟೂ ಸಂದು ಕಾಣದಂತೆ ಪೂರ್ತಿ ಒಳಗೆ ಹೋಗಿರಬೇಕು. ಅರ್ಧ ಕೂತದ್ದು ಭಾರ ಬಿದ್ದಾಗ ಕಾದು ಕರಗಬಹುದು.

ಇಷ್ಟರಿಂದಲೂ ಆಗದಿದ್ದರೆ ಬೋರ್ಡನ್ನು ಕ್ಯಾಬಿನೆಟ್ಟಿನಿಂದ ಹೊರತೆಗೆದು ಅದರ ರಟ್ಟಿನ ಪೆಟ್ಟಿಗೆಯ ಮೇಲಿಡಿ. ಬೋರ್ಡಿನೊಂದಿಗೆ ಬಂದ ಸ್ಥಾಯೀ ವಿದ್ಯುತ್ ತಡೆಯುವ ಚೀಲದ ಮೇಲಿಟ್ಟು ಆನ್ ಮಾಡಬೇಡಿ; ಅದರ ಹೊರಮೈ ವಿದ್ಯುತ್ತನ್ನು ಹರಿಯಬಿಡಬಹುದು. ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಇಲ್ಲದಿದ್ದರೆ ಕಾರ್ಡ್, ಎಸ್‌ಎಂಪಿಎಸ್‌ನ ಎರಡು ಕೇಬಲ್ಲುಗಳು, ಇವಿಷ್ಟೇ ಸಾಕು. ಡ್ರೈವ್, ಯುಎಸ್‌ಬಿ ಸಾಧನ, ಮುಂಭಾಗದ ತಂತಿಗಳು ಯಾವುವೂ ಬೇಡ. ಪವರ್ ಪಿನ್ನುಗಳನ್ನು ಸ್ಕ್ರೂಡ್ರೈವರಿನಿಂದ ಮುಟ್ಟಿ ಆನ್ ಮಾಡಿ. ಇಲ್ಲಿ ಡಿಸ್‌ಪ್ಲೇ ಬಂದರೆ ಉಳಿದ ಭಾಗಗಳನ್ನು ಒಂದೊಂದಾಗಿ ಸೇರಿಸುತ್ತಾ ಪ್ರತಿಸಲ ಆನ್ ಮಾಡಿ ನೋಡಿ. ಯಾವುದನ್ನು ಸೇರಿಸಿದಾಗ ನಿಲ್ಲುತ್ತದೋ ಅಲ್ಲಿ ಹುಡುಕಿ.

ಬಯಾಸ್ ಪರದೆಯವರೆಗೆ ಬಂದು, ಬೂಟ್ ಮಾಡಲು ಡ್ರೈವ್ ಸಿಗಲಿಲ್ಲ ಎಂಬ ಸಂದೇಶ ಕಂಡರೆ ಗಾಬರಿ ಬೇಡ. ಹೊಸ ಡ್ರೈವಿನಲ್ಲಿ ಆಪರೇಟಿಂಗ್ ಸಿಸ್ಟಂ ಇಲ್ಲದಿರುವುದರಿಂದ ಅದು ಸಹಜ. ಬಯಾಸ್‌ನಲ್ಲಿ ಡ್ರೈವಿನ ಹೆಸರೇ ಕಾಣದಿದ್ದರೆ ಮಾತ್ರ ಬೋರ್ಡಿನ ಸ್ಲಾಟಿಗೇ ಸಿಕ್ಕಿಸುವ ಎಂ.2 ಡ್ರೈವನ್ನು ಮತ್ತೆ ಕೂರಿಸಿ ನೋಡಿ, ಆ ಸ್ಲಾಟು ನಿಮ್ಮ ಬಗೆಯ ಡ್ರೈವನ್ನು, ಎನ್‌ವಿಎಂಇ ಅಥವಾ ಸಾಟಾ, ಒಪ್ಪುತ್ತದೆಯೇ ಎಂದು ಕೈಪಿಡಿಯಲ್ಲಿ ಖಚಿತಪಡಿಸಿಕೊಳ್ಳಿ. ರ‍್ಯಾಮಿನ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಸೆಟ್ಟಿಂಗನ್ನು ಸಿಸ್ಟಂ ಇನ್‌ಸ್ಟಾಲ್ ಆಗಿ ಸ್ಥಿರವಾಗಿ ನಡೆದ ಮೇಲಷ್ಟೇ ಹಾಕಿ.

ಕೊನೆಗೂ ಏಳದಿದ್ದರೆ ಭಾಗ ಬದಲಿಸಿ ನೋಡುವುದೊಂದೇ ದಾರಿ. ಕೆಲಸ ಮಾಡುತ್ತದೆಂದು ಗೊತ್ತಿರುವ ಎಸ್‌ಎಂಪಿಎಸ್ಸನ್ನು ಅದರದೇ ಕೇಬಲ್ಲುಗಳೊಂದಿಗೆ ಮೊದಲು ಹಾಕಿ, ನಂತರ ರ‍್ಯಾಮ್, ನಂತರ ಬೋರ್ಡು. ಪ್ರೊಸೆಸರ್ ತಾನಾಗಿ ಕೆಟ್ಟು ಬರುವುದು ಅಪರೂಪ, ಅದರ ಸರದಿ ಕೊನೆಗೆ. ಬೋರ್ಡನ್ನು ವಾರಂಟಿಗೆ ಕಳಿಸುವುದಾದರೆ ಸಾಕೆಟ್ಟಿನ ಪಿನ್ನುಗಳ ಸ್ಪಷ್ಟ ಫೋಟೊ ತೆಗೆದಿಟ್ಟುಕೊಂಡು, ಬೋರ್ಡಿನೊಂದಿಗೆ ಬಂದಿದ್ದ ಪ್ಲಾಸ್ಟಿಕ್ ಮುಚ್ಚಳವನ್ನು ಸಾಕೆಟ್ಟಿಗೆ ಹಾಕಿಯೇ ಕಳಿಸಿ.